ಎರಡನೆಯ ಭಾಗಕ್ಕೆ ಅರ್ಧ ಮಾರ್ಕು ಕಮ್ಮಿ

ಹರಿದ ಸಿನಿಮಾ ಟಿಕೆಟ್ಟಿನ ಹಿಂಬದಿಯಲ್ಲಿ, ಕೆಂಪು ಶಾಯಿಯಲ್ಲಿ, 87½ ಎಂದು ಬರೆದಿತ್ತು. ಆ ಅರ್ಧದ ಕೆಳಗೆ ಎರಡು ಗೆರೆ.

ನನ್ನ ಚಿಕ್ಕಮ್ಮನ ಕೈಯಿಂದ ಅರ್ಧ ಮಾರ್ಕನ್ನು ಹೆಚ್ಚಿಗೆ ಕೀಳಬಲ್ಲ ಪ್ರಾಣಿ ಈ ಭೂಮಿಯ ಮೇಲಾಗಲಿ, ಬೇರೆ ಗ್ರಹಗಳಲ್ಲಾಗಲಿ ಇನ್ನೂ ಹುಟ್ಟಿಲ್ಲ. ಬೇರೆ ಗ್ರಹಗಳ ಮಾತನ್ನು ಸುಮ್ಮನೆ ಸೇರಿಸಿದೆ ಎಂದುಕೊಳ್ಳಬೇಡಿ. ಆ 87½ ಪಡೆದದ್ದು ಬೇರೆ ಗ್ರಹದಿಂದ ಇಳಿದು ಬಂದು ಊರಿಗೆ ಊರನ್ನೇ ತಿನ್ನುವ ಕಬ್ಬಿಣದ ಇರುವೆಗಳ ಸಿನಿಮಾ!

ಚಿಕ್ಕಮ್ಮ ಎಂದರೆ ಅಪ್ಪನ ಎರಡನೆಯ ಹೆಂಡತಿ. ನನಗೆ ಐದು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಆರು ತುಂಬುವ ಹೊತ್ತಿಗೆ ಇವರು ಮದರಾಸಿನ ಅಣ್ಣಾ ನಗರದ ನಮ್ಮ ಮನೆಗೆ ಒಂದು ಟ್ರಂಕು ಮತ್ತು ಕೆಂಪು ಪೆನ್ನುಗಳ ಒಂದು ಡಬ್ಬಿಯೊಂದಿಗೆ ಬಂದರು. ಅಮ್ಮನನ್ನು ನೀನು ಎನ್ನುತ್ತಿದ್ದವಳು ಇವರನ್ನು ನೀವು ಎಂದೇ ಕರೆದೆ. ಹೈಸ್ಕೂಲಿನಲ್ಲಿ ಗಣಿತದ ಟೀಚರು. ಪ್ರತಿ ಬೇಸಿಗೆಯಲ್ಲೂ ಪಬ್ಲಿಕ್ ಪರೀಕ್ಷೆಯ ಪೇಪರು ತಿದ್ದುವ ಕ್ಯಾಂಪಿಗೆ ಹೋಗುವವರು. ಅಲ್ಲಿ ಕೊನೆಯ ಉತ್ತರ ತಪ್ಪಾದರೂ, ನಡುವೆ ಸರಿಯಾಗಿ ಹಾಕಿದ ಪ್ರತಿ ಹೆಜ್ಜೆಗೂ ಸ್ಟೆಪ್ ಮಾರ್ಕು ಎಂಬುದೊಂದು ಉಂಟು. ತಿದ್ದಿದವರು ಮಾರ್ಕುಗಳನ್ನು ಕೂಡುವುದರಲ್ಲಿ ತಪ್ಪಿದರೆ ಮೆಮೊ ಉಂಟು. ಚಿಕ್ಕಮ್ಮನಿಗೆ ಒಂದೇ ಒಂದು ಮೆಮೊ ಬಂದದ್ದಿಲ್ಲ.

ಕ್ಯಾಂಪು ಮುಗಿದರೂ ಕೈ ನಿಲ್ಲಬೇಕಲ್ಲ? ಸಿಕ್ಕಿದ್ದಕ್ಕೆಲ್ಲ ಮಾರ್ಕು! ಪೂಜೆಗೆ ಬಂದ ಆಚಾರ್ಯರು ಸಂಕಲ್ಪದಲ್ಲಿ ಸಂವತ್ಸರದ ಹೆಸರು ತಪ್ಪಿದರೆ ಮೂರು ಮಾರ್ಕು ಕಟ್. ಬಸ್ಸಿನ ಡ್ರೈವರು ನಿಲ್ದಾಣಕ್ಕಿಂತ ಹತ್ತು ಗಜ ಮುಂದೆ ನಿಲ್ಲಿಸಿದರೆ, "ಉತ್ತರ ಸರಿ, ಜಾಗ ತಪ್ಪು" ಎಂದು ಒಂದು ಮಾರ್ಕು ಕಟ್. ನನ್ನನ್ನು ನೋಡಲು ಒಬ್ಬ ವರ ಬಂದಿದ್ದ. ಒಳ್ಳೆಯ ಓದು, ಒಳ್ಳೆಯ ಕೆಲಸ, ಒಳ್ಳೆಯ ಷರ್ಟು. ಅವನು ಗೇಟು ದಾಟುತ್ತಿದ್ದಂತೆ ಚಿಕ್ಕಮ್ಮ ತೀರ್ಪು ಕೊಟ್ಟರು: "ನಲವತ್ತೆರಡು. ಸ್ಟೆಪ್ಸ್ ಎಲ್ಲಾ ಸರಿಯಾಗಿದೆ. ಕೊನೇಲಿ ಉತ್ತರಾನೇ ಇಲ್ಲ!"

ಇಂಥವರು ಇಂಗ್ಲಿಷಿನ ಹೊಡೆದಾಟದ ಸಿನಿಮಾಗಳನ್ನು, ಅದೂ ತಮಿಳಿಗೆ ಡಬ್ ಆದವನ್ನು, ನೋಡುವುದು ಯಾವಾಗ? ಏಕಾದಶಿಯ ದಿನ! ಅವತ್ತು ಉಪವಾಸ, ಅಡುಗೆಯಿಲ್ಲ, ಪಾತ್ರೆಯಿಲ್ಲ. ರಜೆ ಹಾಕಿದರೆ ಮಧ್ಯಾಹ್ನವೆಲ್ಲ ಬಿಡುವು. ಅಪ್ಪನ ಅಕ್ಕ, ಅಂದರೆ ಆಗಾಗ ಬಂದುಹೋಗುತ್ತಿದ್ದ ನನ್ನ ಸೋದರತ್ತೆಗೆ, ಇದನ್ನು ಸಹಿಸಲಾಗುತ್ತಿರಲಿಲ್ಲ.

"ಏಕಾದಶಿ ದಿನ ಹರಿನಾಮ ಹೇಳೋದು ಬಿಟ್ಟು ಸಿನಿಮಾನಾ? ಚೆನ್ನಾಗಿದೆ!"

"ಹೇಳ್ತೀನಿ ಅತ್ತಿಗೆ. ಆ ಇರುವೆಗಳು ಸೇತುವೆ ಮೇಲೆ ಬರೋವಾಗ ನಾರಾಯಣ ನಾರಾಯಣ ಅಂತ ತಾನಾಗೇ ಬರತ್ತೆ. ನಮ್ಮನೆ ದೇವರ ಮುಂದೆ ಅಷ್ಟು ಭಕ್ತಿ ಬರಲ್ಲ."

ಅತ್ತೆ ಸುಮ್ಮನಾಗುವವರಲ್ಲ. ಅವರ ಬಳಿ ಒಂದು ಬಾಣ ಯಾವಾಗಲೂ ಸಿದ್ಧ. "ನಮ್ಮ ಮೊದಲನೆಯೋಳು ಹುಳಿ ಮಾಡಿದ್ರೆ ಬೀದಿಗೆಲ್ಲ ಘಮ ಬರ್ತಿತ್ತು." "ಮೊದಲನೆಯೋಳ ಕೈಯಲ್ಲಿ ರಂಗೋಲಿ ನೋಡ್ಬೇಕಿತ್ತು." ಎಂಟು ಊರಿನ ಮಂದಿಯ ತಪ್ಪು ಹುಡುಕುವ ಚಿಕ್ಕಮ್ಮ ಈ ಮಾತಿಗೆ ಮಾತ್ರ ಪೆನ್ನು ಎತ್ತುತ್ತಿರಲಿಲ್ಲ. "ಹೌದು ಅತ್ತಿಗೆ, ನೂರಕ್ಕೆ ನೂರು" ಎಂದು ಹುಳಿಯ ಪಾತ್ರೆಯನ್ನು ಅವರ ಕಡೆಗೇ ಸರಿಸುತ್ತಿದ್ದರು. ಅದು ತಮಾಷೆಗೆ ಹೇಳಿದ್ದೆಂದು ನಾನು ಬಹಳ ವರ್ಷ ನಂಬಿದ್ದೆ.

ಇರುವೆಗಳ ಮೊದಲ ಭಾಗ ಬಂದಾಗ ನನಗೆ ಹದಿನೇಳು. ಮೌಂಟ್ ರೋಡಿನ ಥಿಯೇಟರು. ಕಬ್ಬಿಣದ ಇರುವೆಗಳು ಸಮುದ್ರ ಈಜಿ ದಡ ಸೇರುತ್ತಿವೆ. ಅಮೆರಿಕದ ದಂಡನಾಯಕ "ಅಯ್ಯಯ್ಯೋ, ಓಡುಂಗಡಾ!" ಎಂದು ಅಚ್ಚ ಮದರಾಸಿನ ತಮಿಳಿನಲ್ಲಿ ಅರಚುತ್ತಿದ್ದಾನೆ. ಥಿಯೇಟರಿಗೆ ಥಿಯೇಟರೇ ಉಸಿರು ಬಿಗಿ ಹಿಡಿದಿದೆ. ಆಗ ಚಿಕ್ಕಮ್ಮನ ದನಿ: "ಕಬ್ಬಿಣ ಅಂತಾರೆ, ಮುಳುಗೋದಿಲ್ವಾ? ಸ್ಟೆಪ್ ಎಲ್ಲಿ?"

ಮುಂದಿನ ಸಾಲಿನ ದಪ್ಪ ಮೀಸೆಯವನೊಬ್ಬ ತಿರುಗಿ, "ಮಾಮಿ, ಪಡಂ ಪಾಕ್ಕ ವಿಡುಂಗ" ಎಂದು ಗದರಿದ. ಸಿನಿಮಾ ನೋಡಲು ಬಿಡಿ ಎಂದು. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಅವನ ಮುಖ ನೋಡಿದರು. ಅವನೂ ನೋಡಿದ. ಮರುಕ್ಷಣ ಎದ್ದು ನಿಂತ.

"ಗುಡ್ ಆಫ್ಟರ್‌ನೂನ್, ಮಿಸ್!"

ಹಿಂದಿನವರೆಲ್ಲ ಕೂಗಿದರೂ ಅವನು ಕೂರಲಿಲ್ಲ. ಮಿಸ್ "ಸಿಟ್ ಡೌನ್" ಎಂದ ಮೇಲೆಯೇ ಕೂತದ್ದು!

ಆ ಸಿನಿಮಾದ ಕೊನೆಯಲ್ಲಿ ನಾಯಕಿ ತನ್ನ ಕೂಸನ್ನು ಕೊನೆಯ ದೋಣಿಗೆ ಹತ್ತಿಸಿ ತಾನು ಸೇತುವೆಯ ಮೇಲೆಯೇ ಉಳಿದುಬಿಡುತ್ತಾಳೆ. ಇರುವೆಗಳು ಸೇತುವೆಯನ್ನು ತಿನ್ನುತ್ತವೆ. ಚಿಕ್ಕಮ್ಮ ಟಿಕೆಟ್ಟಿನ ಹಿಂದೆ 87½ ಬರೆದರು. ಅದು ಅವರು ಸಿನಿಮಾವೊಂದಕ್ಕೆ ಕೊಟ್ಟ ಅತಿ ದೊಡ್ಡ ಅಂಕ.

ನಾಲ್ಕು ವರ್ಷಗಳ ನಂತರ ಎರಡನೆಯ ಭಾಗ ಬಂತು. ನಾನು ಗಿಂಡಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಕ್ಲಾಸಿಗೆ ಚಕ್ಕರ್ ಹಾಕಿ, ಮತ್ತೊಂದು ಏಕಾದಶಿಯಂದು ಇಬ್ಬರೂ ಹೋದೆವು. ಕೂಸಿಗೆ ಈಗ ಐದು ವರ್ಷ. ಹಡಗಿನ ಇಂಜಿನ್ ರಿಪೇರಿ ಮಾಡುವ ಬೇರೊಬ್ಬ ಹೆಂಗಸು ಅದನ್ನು ಸಾಕುತ್ತಿದ್ದಾಳೆ. ಹೆಚ್ಚು ಮಾತಿಲ್ಲ, ಅಳುವುದಿಲ್ಲ. ಇರುವೆಗಳು ಮತ್ತೆ ಬಂದಾಗ ಬರಿಯ ಒಂದು ಸ್ಪ್ಯಾನರು ಹಿಡಿದು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಸಾಯದೆ ಗೆದ್ದು ಬರುತ್ತಾಳೆ. ಮೊದಲ ಭಾಗಕ್ಕಿಂತ ಎಲ್ಲದರಲ್ಲೂ ಒಂದು ಕೈ ಮೇಲು. ಇದರಲ್ಲಿ ನನಗೆ ಆಗಲೂ ಸಂಶಯವಿರಲಿಲ್ಲ, ಈಗಲೂ ಇಲ್ಲ.

ಮನೆಗೆ ಬರುವ ಬಸ್ಸಿನಲ್ಲಿ ಟಿಕೆಟ್ಟು ತಿರುಗಿಸಿ ನೋಡಿದೆ. 87.

"ಅರ್ಧ ಮಾರ್ಕ್ ಯಾಕೆ ಕಮ್ಮಿ?"

"ಎರಡನೇ ಭಾಗ ಮೊದಲನೇದನ್ನ ಮೀರೋಕಾಗಲ್ಲ. ಅದು ರೂಲು."

ಯಾವ ಕ್ಯಾಂಪಿನ ರೂಲು? ನನಗೆ ಮೈ ಉರಿಯಿತು. ಅತ್ತೆಯ ಮಾತು, ಚಿಕ್ಕಮ್ಮನ ನೂರಕ್ಕೆ ನೂರು, ಎಲ್ಲ ಆ ಬಸ್ಸಿನಲ್ಲಿ ಒಟ್ಟಿಗೇ ನೆನಪಾದವು. ಮನಸ್ಸಿನ ಮಾತನ್ನು ನೇರವಾಗಿ ಆಡುವ ಅಭ್ಯಾಸ ನನಗಿಲ್ಲ. ಆದರೆ ಹಟವಿದೆ. ನನಗೆ ಬೇಕಿದ್ದದ್ದು ಇಷ್ಟೇ: ನಮ್ಮ ಮನೆಯಲ್ಲಿ ಒಂದು ಸಲವಾದರೂ, ಎರಡನೆಯದು ಮೊದಲನೆಯದಕ್ಕಿಂತ ಚೆನ್ನಾಗಿದೆ ಎಂಬ ಮಾತು ಚಿಕ್ಕಮ್ಮನ ಬಾಯಿಂದಲೇ ಬರಬೇಕು. ಸಿನಿಮಾದ ಬಗ್ಗೆಯಾದರೂ ಸರಿ.

"ರೀವ್ಯಾಲ್ಯುಯೇಷನ್ ಮಾಡಿ" ಎಂದೆ.

"ಅರ್ಜಿ ಕೊಡು. ಬರವಣಿಗೇಲಿ."

ರಾತ್ರಿ ಕೂತು ಮೂರು ಪುಟದ ಅರ್ಜಿ ಬರೆದೆ. ಕಾರಣಗಳು ಒಂದರಿಂದ ಹದಿನಾಲ್ಕು. ಬೆಳಿಗ್ಗೆ ಅರ್ಜಿ ನನ್ನ ತಟ್ಟೆಯ ಪಕ್ಕದಲ್ಲಿತ್ತು. ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ 61. ಒಂಬತ್ತನೆಯ ಕಾರಣ ಮತ್ತು ನಾಲ್ಕನೆಯದು ಒಂದೇ ಎಂದು ಷರಾ ಬೇರೆ!

ಮೊದಲು ತಿದ್ದಿದ ಇಬ್ಬರ ಅಂಕಗಳಲ್ಲಿ ಬಹಳ ಅಂತರವಿದ್ದರೆ ಮೂರನೆಯವರು ತಿದ್ದಬೇಕೆಂಬ ನಿಯಮವನ್ನು ಎತ್ತಿದೆ. ಚಿಕ್ಕಮ್ಮ ಒಪ್ಪಿದರು. ಮೂರನೆಯವರು ಎಂದರೆ ಅಪ್ಪ. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಯಾರ ಮನಸ್ಸನ್ನೂ ನೋಯಿಸದೆ ದುಡಿದವರು. ನಾಲ್ಕು ವರ್ಷದ ಹಿಂದೆ ಮೊದಲ ಭಾಗದಲ್ಲಿ ನಿದ್ದೆ ಮಾಡಿದ್ದರು. ಈಗ ಭಾನುವಾರದ ಆಟಕ್ಕೆ ಕರೆದೊಯ್ದರೆ ಎರಡನೆಯದರಲ್ಲೂ ನಿದ್ದೆ ಮಾಡಿದರು.

"ಹೇಳಿ ಅಪ್ಪ, ಯಾವುದು ಚೆನ್ನಾಗಿತ್ತು?"

ಅಪ್ಪ ಇಬ್ಬರ ಮುಖವನ್ನೂ ನೋಡಿದರು. "ಎರಡೂ ಚೆನ್ನಾಗಿತ್ತಮ್ಮ. ಇದರಲ್ಲಿ ಏಸಿ ಸ್ವಲ್ಪ ಜಾಸ್ತಿ."

"ನೋಡಿದ್ಯಾ!" ಎಂದರು ಚಿಕ್ಕಮ್ಮ. "ಎರಡೂ ಚೆನ್ನಾಗಿದೆ ಅನ್ನೋರು ಪೇಪರ್ ಓದದೇ ಮಾರ್ಕ್ ಹಾಕೋರು!"

ಅಪ್ಪ ತಲೆ ತಗ್ಗಿಸಿ ಚಪ್ಪಲಿ ಹುಡುಕಿದರು.

ನಾನು ಬಿಡಲಿಲ್ಲ. ಮುಂದಿನ ಏಕಾದಶಿಗೆ ಮತ್ತೆ ಎರಡು ಟಿಕೆಟ್ಟು ತಂದೆ. ಒಂದು ಷರತ್ತು: ಈ ಸಲ ಬರಿಯ ಮೊತ್ತ ಬರೆಯುವಂತಿಲ್ಲ, ಸ್ಟೆಪ್ ಮಾರ್ಕು ಬೇಕು. ಚಿಕ್ಕಮ್ಮ "ಸರಿ, ಹಾಗೇ ಆಗಲಿ" ಎಂದರು. ಮನೆಗೆ ಮರಳುವ ಬಸ್ಸಿನಲ್ಲಿ ನನ್ನ ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಬರೆದು, ಮಡಚಿ, ಕೈಗಿತ್ತರು.

ಕಥೆ ಇಪ್ಪತ್ತಕ್ಕೆ ಹದಿನೆಂಟು. ಹೊಡೆದಾಟ ಇಪ್ಪತ್ತಕ್ಕೆ ಹತ್ತೊಂಬತ್ತು. ವಿಜ್ಞಾನ ಹದಿನೈದಕ್ಕೆ ಹನ್ನೊಂದೂವರೆ. ಇರುವೆ ಈ ಸಲವೂ ಮುಳುಗಿರಲಿಲ್ಲ! ನಾಯಕಿ ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು. ಮುಕ್ತಾಯ ಇಪ್ಪತ್ತಕ್ಕೆ ಹದಿನೇಳು. ಒಟ್ಟು: 87.

ಮೇಜಿನ ಮುಂದೆ ಕೂತು ಕೂಡಿದೆ. ಮತ್ತೆ ಕೂಡಿದೆ. ಕೆಳಗಿನಿಂದ ಮೇಲಕ್ಕೂ ಕೂಡಿ ನೋಡಿದೆ. ಎಂಬತ್ತೊಂಬತ್ತೂವರೆ!

ಹಾಳೆ ಹಿಡಿದು ಮಹಡಿಗೆ ಓಡಿದೆ. ಚಿಕ್ಕಮ್ಮ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಹೆಗಲ ಮೇಲೆ ಅಪ್ಪನ ಎರಡು ಷರ್ಟು.

"ಕೂಡಿದ್ದು ತಪ್ಪಾಗಿದೆ. ಎಂಬತ್ತೊಂಬತ್ತೂವರೆ ಬರತ್ತೆ. ನೀವು ಎಂಬತ್ತೇಳು ಹಾಕಿದೀರಿ."

"ಅಪ್ಪಡಿಯಾ?" ಎಂದರು, ಹೌದಾ ಎನ್ನುವಂತೆ.

"ಅಪ್ಪಡಿಯಾ ಅಂದ್ರೆ? ಕ್ಯಾಂಪಲ್ಲಾಗಿದ್ರೆ ಮೆಮೊ ಬಂದಿರ್ತಿತ್ತು!"

"ಬರಲಿ. ತೊಗೋತೀನಿ."

"ಅಂದ್ರೆ, ಗೊತ್ತಿದ್ದೇ ಹಾಕಿದ್ರಾ?"

ಚಿಕ್ಕಮ್ಮ ತಂತಿಯ ಮೇಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕಿದರು.

"ಆ ಮಗು ಇದೆಯಲ್ಲ, ಎರಡನೇ ಭಾಗದಲ್ಲಿ. ನಡೆಯತ್ತೆ, ಮಾತಾಡತ್ತೆ, ಕೈ ಚಾಚಿದ್ರೆ ಹಿಡ್ಕೊಳತ್ತೆ. ಇವಳಿಗೆ ಹಾಗೇ ಸಿಕ್ಕಿಬಿಡ್ತು. ಮೊದಲನೇದರೋಳು ಅದನ್ನ ದೋಣಿ ಹತ್ತಿಸಿ, ಕೈ ಬಿಟ್ಟು, ಅಲ್ಲೇ ನಿಂತಳು ನೋಡು. ಅವಳು ಬಂದು ರೀವ್ಯಾಲ್ಯುಯೇಷನ್ ಕೇಳೋಕಾಗತ್ತೇನೇ? ಅವಳ ಪೇಪರನ್ನ ಯಾರಾದ್ರೂ ಒಬ್ರು ಕಾಯ್ಬೇಕಲ್ವಾ?"

ನಾನು ಹದಿನೈದನೆಯ ಕಾರಣ ಸಿದ್ಧಮಾಡಿಕೊಂಡೇ ಮೇಲೆ ಬಂದಿದ್ದೆ. ಅದು ಏನಾಗಿತ್ತೆಂದು ಈಗ ನೆನಪಿಲ್ಲ.

"ನಿಂತು ಏನ್ ನೋಡ್ತೀಯ? ಆ ದುಪ್ಪಟಿ ತುದಿ ಹಿಡ್ಕೋ" ಎಂದರು. ಹಿಡಿದೆ. ಇಬ್ಬರೂ ಮಡಚಿದೆವು. ಒಂದೊಂದು ಮಡಿಕೆಗೂ ಹತ್ತಿರ ಬಂದು, ಅವರ ಕೈಗೆ ನನ್ನ ತುದಿ ಕೊಟ್ಟು, ಮತ್ತೆ ಹಿಂದೆ ಸರಿದೆ.

ಮರುದಿನ ದ್ವಾದಶಿ, ಬೆಳಿಗ್ಗೆ ಬೇಗ ಉಪವಾಸ ಬಿಡುವ ದಿನ. ಹದಿನೈದು ವರ್ಷಗಳಿಂದ, ಹಿಂದಿನ ದಿನವೆಲ್ಲ ಬರಿಯ ನೀರಿನಲ್ಲಿದ್ದವರೇ ಎದ್ದು ಅಡುಗೆ ಮಾಡಿ, ನಮಗೆಲ್ಲ ಬಡಿಸಿ, ಕೊನೆಗೆ ಅಡುಗೆಮನೆಯಲ್ಲಿ ಒಬ್ಬರೇ ಕೂತು ಉಣ್ಣುತ್ತಿದ್ದರು. ಅವತ್ತು ನಾನು ನಾಲ್ಕಕ್ಕೇ ಎದ್ದೆ. ಸ್ನಾನ ಮಾಡಿ, ಅವರು ತಂದಿಟ್ಟಿದ್ದ ಅಗಸೆ ಸೊಪ್ಪನ್ನು ಬಿಡಿಸಿ ಪಲ್ಯ ಮಾಡಿದೆ. ಅನ್ನ, ಹೆಸರುಬೇಳೆಯ ತೊವ್ವೆ, ನೆಲ್ಲಿಕಾಯಿ ಚಟ್ನಿ. ನಡುಮನೆಯಲ್ಲಿ ಮೂರು ಎಲೆ ಹಾಕಿದೆ, ಒಂದೇ ಸಾಲಿನಲ್ಲಿ. ಮೊದಲನೆಯ ಎಲೆಗೆ ಬಡಿಸಿ, ಕೈ ತೊಳೆದು, ಅವರ ಕೋಣೆಯ ಬಾಗಿಲಿಗೆ ಹೋಗಿ ಕರೆದೆ:

"ಏಳು ಚಿಕ್ಕಮ್ಮ. ಊಟ ಆರಿಹೋಗತ್ತೆ."