ದೊಡ್ಡವ್ವನ ಹೆಸರಿನ ರಜೆ

ಮೂವತ್ನಾಲ್ಕಕ್ಕೆ ಕೊನೆಗೂ ಕೂಡಿಬಂದ ಮದುವೆ ಕೆಡಬಾರದೆಂದು ಪರಪ್ಪ ತನ್ನ ದೊಡ್ಡವ್ವನನ್ನು ಕೊಂದಿದ್ದ. ಬಾಯಿಮಾತಿನಲ್ಲಷ್ಟೇ. ಅವನ ಅಂಡಕ್ಕೆ ನೀರು ತುಂಬಿ ಊದಿಕೊಂಡಿತ್ತು. ಹೆಣ್ಣಿನ ಕಡೆಯವರಿಗೆ ಸುಳಿವು ಸಿಗುವ ಮೊದಲೇ ಆಪರೇಶನ್ ಮಾಡಿಸಿಕೊಳ್ಳಬೇಕಿತ್ತು. ಇಂಥ ರೋಗದ ಹೆಸರು ಹೇಳಿ ರಜೆ ಕೇಳುವುದುಂಟೇ? ತನ್ನನ್ನು ಸಾಕಿದ ದೊಡ್ಡವ್ವ ವಿಜಾಪುರದಲ್ಲಿ ತೀರಿಕೊಂಡಳೆಂದು ವಿಕ್ರೋಳಿಯ ಕಾರ್ಖಾನೆಯಲ್ಲೂ ಕುರ್ಲಾದ ಚಾಳಿನಲ್ಲೂ ಹೇಳಿ, ಊರಿಗೆ ಹೋಗುವ ಬದಲು ಆಸ್ಪತ್ರೆ ಸೇರಿದ.

ಆರನೆಯ ದಿನ ಬೆಳಿಗ್ಗೆ ಬಿಟ್ಟರು. ಹೊಲಿಗೆಗೆ ನೀರು ತಾಗಬಾರದು, ಚಕ್ಕಳಮಕ್ಕಳ ಹಾಕಿ ಕೂರಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಕಾಲು ಅಗಲಿಸಿಕೊಂಡು, ಹೆಜ್ಜೆಗೊಮ್ಮೆ ದೇವರನ್ನು ನೆನೆಯುತ್ತ ಚಾಳಿನ ಮೆಟ್ಟಿಲು ಹತ್ತಿದರೆ, ಪಕ್ಕದ ಖೋಲಿಯ ರಾಚವ್ವ ಕೊಡ ಹಿಡಿದು ನಿಂತಿದ್ದಳು.

"ಸತ್ತ ಮನಿಯಿಂದ ಬಂದಿ. ತಲಿಮ್ಯಾಲೆ ನೀರ ಹಾಕ್ಕೊಳ್ಳದ ಒಳಗ ಕಾಲಿಡಬ್ಯಾಡೋ ತಮ್ಮಾ."

ಊರಲ್ಲೇ ಮಿಂದೆ ಎಂದ, ಜ್ವರ ಎಂದ. ರಾಚವ್ವ ಕೇಳುವವಳಲ್ಲ. ಎರಡು ಕೊಡ ತಣ್ಣೀರು ನೆತ್ತಿಯಿಂದಿಳಿದು ಎಲ್ಲಿಗೆ ಹೋಗಬಾರದಿತ್ತೋ ಅಲ್ಲಿಗೇ ಹೋಯಿತು. ಆಮೇಲೆ ಮಾತಾಡಿಸಲು ಬಂದ ಚಾಳಿನವರ ನಡುವೆ ಅವನನ್ನು ಚಾಪೆಯ ಮೇಲೆ ಚಕ್ಕಳಮಕ್ಕಳ ಕೂರಿಸಿದರು. ನೋವಿಗೆ ಕಣ್ಣೀರು ದಳದಳ ಇಳಿಯಿತು. ಹೊಟ್ಟೆಯಲ್ಲಿ ಹುಟ್ಟಿದ ಮಗನೂ ಹೀಗೆ ಅಳಲಾರ ಎಂದು ಹೆಂಗಸರು ಸೆರಗನ್ನು ಕಣ್ಣಿಗೊತ್ತಿಕೊಂಡರು. ಪರಪ್ಪನಿಗೆ ನಿಜವಾಗಿಯೂ ಸಾಯಬೇಕೆನಿಸಿತು.

ಸಂಜೆ ನಿಶ್ಚಯದ ದಿನ ಗೊತ್ತುಮಾಡಲು ಹೆಣ್ಣಿನ ಸೋದರಮಾವ ಕಾಶಪ್ಪ ಬಂದ. ಮೆಟ್ಟಿಲಲ್ಲೇ ರಾಚವ್ವ ಎಲ್ಲ ಹೇಳಿದ್ದಳು. ಅವನು ಹೊಸಲು ದಾಟಲಿಲ್ಲ. ತಾಯಿಯಂಥವಳು ಸತ್ತ ಮನೆ, ವರ್ಷ ತುಂಬುವ ತನಕ ಮದುವೆಯ ಮಾತೆತ್ತುವಂತಿಲ್ಲ, ಹುಡುಗಿಗೂ ವಯಸ್ಸಾಗಿದೆ, ಬೇರೆ ಕಡೆ ನೋಡುತ್ತೇವೆ ಎಂದ.

ಮದುವೆಯೇ ಹೋಗುವಾಗ ಮಾನ ಇಟ್ಟುಕೊಂಡು ಏನು ಮಾಡುವುದು? ಪರಪ್ಪ ಅವನನ್ನು ಗ್ಯಾಲರಿಯ ಮೂಲೆಗೆ ಕರೆದೊಯ್ದು, ಆಪರೇಶನ್ನು, ಸುಳ್ಳು, ಬದುಕಿರುವ ದೊಡ್ಡವ್ವ, ಎಲ್ಲವನ್ನೂ ಒಪ್ಪಿಕೊಂಡ.

ಕಾಶಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ಅದಕ್ಕ ಇಷ್ಟ ನಾಚಿಕೆಯಾ? ಹ್ವಾದ ವರ್ಷ ನನಗೂ ಅದ ಆಪರೇಶನ್ ಆಗೇತಿ. ಹೇಳಿದ್ದರ ನಾನ ಬಂದು ಆಸ್ಪತ್ರ್ಯಾಗ ಕೂಡ್ತಿದ್ದೆ."

ಪರಪ್ಪನಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ನಿಶ್ಚಯ ಯಾವಾಗ ಎಂದು ಮೆಲ್ಲಗೆ ಕೇಳಿದ.

"ಆರು ದಿನದ ರಜಾಕ್ಕ ಸಾಕಿದಾಕಿನ್ನ ಕೊಂದಿ," ಎಂದ ಕಾಶಪ್ಪ, ಮೆಟ್ಟಿಲ ಕಡೆ ತಿರುಗುತ್ತ. "ನಮ್ಮ ಹುಡುಗಿನ್ನ ಎಷ್ಟ ದಿನದ ರಜಾಕ್ಕ ಕೊಲ್ಲಾಂವ?"

ಅವನು ಇಳಿದು ಹೋದ. ಪರಪ್ಪ ಒಳಗೆ ಬಂದು, ಸಂಜೆಯೂ ಮಾತಾಡಿಸಲು ಬಂದು ಅಳುತ್ತಿದ್ದವರ ನಡುವೆ ಮತ್ತೆ ಕೂತ. ಈ ಸಲ ಯಾರೂ ಕೂರಿಸಬೇಕಾಗಲಿಲ್ಲ.