ಬೀಗಿತ್ತಿಯ ಮುಂದೆ ಆರು ಸುತ್ತು

ಆ ಭಾನುವಾರ ಬೆಳಗ್ಗೆ ಸೈಕಲ್ ಪ್ರವಾಸಕ್ಕೆ ಹೊರಟಾಗ ನನ್ನಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ಇದ್ದಬದ್ದ ಅನುಮಾನವೆಲ್ಲ ನಮ್ಮ ಯಜಮಾನರ ಪಾಲಿಗೆ ಬಂದಿತ್ತು.

ನಾನು ಹಾನಗಲ್ಲಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ವಯಸ್ಸು ಐವತ್ತೆರಡು. ಎತ್ತರ ಐದಡಿಗೆ ಒಂದಿಂಚು ಕಡಿಮೆ. ಭೂಪಟದ ಮೇಲೆ ಕೋಲಿಟ್ಟು ಮಕ್ಕಳಿಗೆ ಜಗತ್ತನ್ನೆಲ್ಲ ತೋರಿಸಿದ್ದೇನೆ. ಸ್ವತಃ ತಿರುಗಿದ್ದು ಕಡಿಮೆ. ಒಂದು ದಿನ ಫೋನಿನಲ್ಲಿ ಯಾವುದೋ ದೇಶದ ಗಂಡ ಹೆಂಡತಿ ಕಾಲುವೆ, ಕೆರೆ, ಉದ್ಯಾನ ಅಂತ ಆರಾಮಾಗಿ ಸೈಕಲ್ ಹೊಡೆಯುತ್ತ ಹೋಗುವುದನ್ನು ನೋಡಿದೆ. ನಮ್ಮಲ್ಲೇನು ಕಡಿಮೆ? ಮನೆಯ ಹಿಂದೆ ಕಾಲುವೆ ಇದೆ. ಕಾಲುವೆ ದಂಡೆ ಹಿಡಿದು ಹೋದರೆ ಕೆರೆ ಸಿಗುತ್ತದೆ. ಕೆರೆಯ ಪಕ್ಕ ಉದ್ಯಾನವೂ ಇದೆ. ಧಾರವಾಡದ ಹಾಸ್ಟೆಲ್ಲಿನಲ್ಲಿ ಓದುವ ಮಗನ ಗೇರ್ ಸೈಕಲ್ಲು ಪಡಸಾಲೆಯಲ್ಲಿ ಧೂಳು ತಿನ್ನುತ್ತ ನಿಂತಿದೆ. ಚಿಕ್ಕವಳಿದ್ದಾಗ ಅಣ್ಣನ ಸೈಕಲ್ ಹೊಡೆದ ಅನುಭವವೂ ಇದೆ. ಇನ್ನೇನು ಬೇಕು!

ಮಗ ಆರಡಿ ಎತ್ತರದವನು. ಸೈಕಲ್ಲಿನ ಸೀಟು ಅವನ ಅಳತೆಯದು. ನಾನು ಮಗಳ ಚೂಡಿದಾರ ಹಾಕಿಕೊಂಡು, ವೇಲನ್ನು ನಡುವಿಗೆ ಬಿಗಿದು, ಯಜಮಾನರ ಬಿಸಿಲ ಟೊಪ್ಪಿಗೆ ಇಟ್ಟುಕೊಂಡು, ಮನೆಯ ಮುಂದಿನ ಕಟ್ಟೆಯ ಮೇಲಿಂದ ಅದನ್ನು ಹತ್ತಿದೆ. ಯಜಮಾನರು ಹ್ಯಾಂಡಲ್ ಹಿಡಿದು ನಿಂತಿದ್ದರು.

"ಗಿರಿಜಾ, ಹತ್ತೂದೇನೋ ಹತ್ತಿದಿ. ಇಳಿಯೂದು ಹ್ಯಾಂಗ?"

"ಹತ್ತಿದಾಕಿಗೆ ಇಳಿಯೂದು ಯಾರರೆ ಹೇಳಿಕೊಡಬೇಕೇನ್ರಿ?" ಅಂದೆ.

ಈ ಧ್ವನಿಗೆ ಹತ್ತನೇ ಇಯತ್ತೆಯ ಹುಡುಗರೇ ಸುಮ್ಮನಾಗುತ್ತಾರೆ. ಯಜಮಾನರು ಹ್ಯಾಂಡಲ್ ಬಿಟ್ಟರು.

ಕಾಲುವೆಯ ದಂಡೆ ಬಹಳ ಸೊಗಸಾಗಿತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಗದ್ದೆ. ಗದ್ದೆಯಲ್ಲಿ ಬೆಳ್ಳಕ್ಕಿಯ ಹಿಂಡು. ಇಂಥ ದೃಶ್ಯದ ಒಂದು ಫೋಟೊ ತೆಗೆಯದಿದ್ದರೆ ಅದು ಪ್ರವಾಸ ಹೇಗಾದೀತು? ಬ್ರೇಕ್ ಹಿಡಿದೆ. ಬಲಗಾಲು ಕೆಳಗೆ ಚಾಚಿದೆ.

ನೆಲ ಇರಲಿಲ್ಲ!

ಎಡಗಾಲು ಚಾಚಿದೆ. ಆ ಕಡೆಯೂ ಇರಲಿಲ್ಲ. ಸೈಕಲ್ಲು ಕಾಲುವೆಯ ಕಡೆ ವಾಲತೊಡಗಿತು. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಕಾಲಿಗೆ ತಂದು ಪೆಡಲ್ ತುಳಿದೆ. ಬೆಳ್ಳಕ್ಕಿಗಳು ಹಾರಿಹೋದವು. ನಾನೂ ಹೆಚ್ಚುಕಡಿಮೆ ಹಾರಿಯೇ ಹೋದೆ. ಚಿಕ್ಕಂದಿನಲ್ಲಿ ಸೈಕಲ್ಲನ್ನು ಹಿಡಿದು ನಿಲ್ಲಿಸುತ್ತಿದ್ದವನು ಹಿಂದೆ ಓಡಿಬರುತ್ತಿದ್ದ ಅಣ್ಣ, ನಾನಲ್ಲ ಎಂಬ ಐತಿಹಾಸಿಕ ಸತ್ಯ ಈ ಸಮಾಜ ವಿಜ್ಞಾನದ ಶಿಕ್ಷಕಿಗೆ ಆಗ ನೆನಪಾಯಿತು.

ಮುಂದೆ ಕಾಲುವೆಯಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದವರೊಬ್ಬರು ನನ್ನನ್ನು ನೋಡಿ ಕೈಯೆತ್ತಿದರು. ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ.

"ಅಕ್ಕೋರ, ಒಂದೀಟು ನಿಂದರ್ರಿ! ನಮ್ಮ ಹುಡುಗಿ ಮಾರ್ಕ್ಸ್ ಕೇಳೂದೈತಿ!"

"ಪಾಸಾಗ್ಯಾಳ!" ಎಂದು ಕೂಗಿ ಮುಂದೆ ಹೋದೆ. ಆಗಿದ್ದಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಯಾರನ್ನು ಬೇಕಾದರೂ ಪಾಸು ಮಾಡುವ ಮನಃಸ್ಥಿತಿ ನನ್ನದು.

ಕೆರೆಯ ಏರಿಯ ಮೇಲೆ ಉದ್ದಕ್ಕೂ ಕಾಲೂರಿ ಇಳಿಯಲು ಒಂದು ಕಟ್ಟೆ ಹುಡುಕುತ್ತ ಹೋದೆ. ಸಿಕ್ಕ ಕಲ್ಲುಗಳೆಲ್ಲ ಗಿಡ್ಡ. ಉದ್ಯಾನದ ಗೇಟು ತೆರೆದಿತ್ತು, ಒಳಗೆ ನುಗ್ಗಿದೆ. ಅಲ್ಲಿ ನಡುವೆ ಒಂದು ಸಣ್ಣ ಕೊಳ, ಅದರ ಸುತ್ತ ಸಿಮೆಂಟಿನ ದಾರಿ. ಕಟ್ಟೆ ಮಾತ್ರ ಇಲ್ಲ! ಹೊರಗೆ ಹೋಗೋಣವೆಂದರೆ ಬಸ್ಸು ಲಾರಿ ಓಡಾಡುವ ರಸ್ತೆ. ಸುತ್ತುವುದೇ ಕ್ಷೇಮವೆಂದು ಸುತ್ತತೊಡಗಿದೆ. ವಾಕಿಂಗ್‌ಗೆ ಬಂದಿದ್ದವರು ಒಬ್ಬೊಬ್ಬರಾಗಿ ದಾರಿ ಬಿಟ್ಟು ಹುಲ್ಲಿಗೆ ಇಳಿದರು. ಅವರಿಗೆ ಇಳಿಯುವುದು ಗೊತ್ತಿತ್ತು. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಅಂಥವರ ಮುಂದೆ "ನನ್ನನ್ನು ಹಿಡೀರಪ್ಪಾ" ಎಂದು ಹೇಗೆ ಕೂಗಲಿ?

ಹೀಗಿರುವಾಗ ನನ್ನನ್ನು ಹುಡುಕಿಕೊಂಡು ಬಂದ ಯಜಮಾನರು ಗೇಟಿನ ಬಳಿ ಕಂಡರು. ಅಬ್ಬಾ, ಬದುಕಿದೆ ಅಂದುಕೊಂಡೆ. ಅವರ ಪಕ್ಕದಲ್ಲಿ ಇಳಕಲ್ ಸೀರೆಯುಟ್ಟ ಹಿರಿಯ ಹೆಣ್ಣುಮಗಳೊಬ್ಬರು ಚೀಲ ಹಿಡಿದು ನಿಂತಿದ್ದರು. ಫೋಟೊದಲ್ಲಷ್ಟೇ ನೋಡಿದ್ದ ಸವಣೂರಿನ ಗೌರಮ್ಮನವರು!

ಗೌರಮ್ಮನವರ ಮಗನೂ ನಮ್ಮ ಮಗಳು ಶ್ವೇತಾಳೂ ಪರಸ್ಪರ ನೋಡಿ, ಮಾತಾಡಿ, ಒಪ್ಪಿಯಾಗಿತ್ತು. ಇನ್ನು ಹಿರಿಯರು ಭೇಟಿಯಾಗಿ ಹೂಂ ಅನ್ನುವುದೊಂದೇ ಬಾಕಿ. ಆ ಭೇಟಿಗೆ ನಾನು ರೇಷ್ಮೆ ಸೀರೆ ಇಸ್ತ್ರಿ ಮಾಡಿಸಿ ಇಟ್ಟಿದ್ದೆ. ಈಗ ನೋಡಿದರೆ ಮಗಳ ಚೂಡಿದಾರದಲ್ಲಿ, ಟೊಪ್ಪಿಗೆ ಇಟ್ಟುಕೊಂಡು, ಅವರ ಮುಂದೆಯೇ ಹಾಯುತ್ತಿದ್ದೇನೆ!

"ಬರ್ರಿ, ಬರ್ರಿ! ಯಾವಾಗ ಬಂದ್ರಿ?" ಅಂದೆ. ಉತ್ತರ ಕೇಳುವ ಮೊದಲೇ ಕೊಳದ ಆ ಬದಿಗೆ ಹೋಗಿದ್ದೆ.

ಎರಡನೆಯ ಸುತ್ತಿಗೆ ಅವರು ಉತ್ತರ ಸಿದ್ಧವಾಗಿಟ್ಟುಕೊಂಡಿದ್ದರು. "ಈಗ ಬಂದೆನ್ರಿ. ಇಲ್ಲೇ ತೊಟ್ಟಿಲ ಕಾರ್ಯಕ್ಕ ಬಂದಿದ್ದೆ, ಹಂಗ ನಿಮ್ಮನ್ನೂ ಕಂಡು ಹೋಗೂಣು ಅಂತ... ಇಳೀರಿ, ಮಾತಾಡೂಣು."

"ಬಂದೆನ್ರಿ, ಇದೊಂದು ಸುತ್ತು!"

ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ಯಜಮಾನರು ನನ್ನ ಮಾನ ಕಾಪಾಡುವ ಕೆಲಸಕ್ಕೆ ಇಳಿದಿದ್ದರು. "ದಿನಾ ಹಿಂಗ ಸುತ್ತಬೇಕ್ರಿ. ಡಾಕ್ಟ್ರು ಹೇಳ್ಯಾರ," ಎನ್ನುತ್ತಿದ್ದರು.

"ಹೌದಾ? ಏನ್ ಜಡ್ಡೈತ್ರಿ?" ಎಂದು ಗೌರಮ್ಮನವರು ಗಾಬರಿಯಿಂದ ಕೇಳಿದ್ದು ನನ್ನ ಬೆನ್ನಿಗೆ ಬಂದು ಬಡಿಯಿತು.

ಮದುವೆಯ ಮಾತುಕತೆಯಲ್ಲಿ ಜಡ್ಡು! ಅದೂ ಹುಡುಗಿಯ ತಾಯಿಗೆ! ಅರ್ಧ ಸುತ್ತು ಯಜಮಾನರನ್ನು ಬೈದುಕೊಂಡೆ, ಇನ್ನರ್ಧ ಸುತ್ತು ಉತ್ತರ ಹೊಂದಿಸಿಕೊಂಡೆ.

"ಜಡ್ಡಿಲ್ಲರೀ! ಹೌಸಿಗೆ, ಖುಷಿಗೆ ಹೊಡ್ಯಾಕತ್ತೇನಿ!"

ಗೌರಮ್ಮನವರು ನನ್ನ ಮುಖವನ್ನು ನೋಡಿದರು. ಆಮೇಲೆ ಯಜಮಾನರನ್ನು ಕೇಳಿದರು: "ಹೌಸಿಗೆ ಹೊಡ್ಯಾವ್ರ ಮಾರಿ ಹಿಂಗಿರ್ತೈತೇನ್ರಿ?"

ಇನ್ನು ಸುಳ್ಳು ಸಾಕು, ಇದ್ದದ್ದನ್ನು ಹೇಳಿಬಿಡೋಣ ಅಂತ ಐದನೆಯ ಸುತ್ತಿಗೆ ನಿಶ್ಚಯ ಮಾಡಿದೆ. "ಖರೇ ಹೇಳ್ತೇನ್ರಿ, ನನಗ ಇಳಿಯಾಕ..." ಅಷ್ಟರಲ್ಲಿ ಹ್ಯಾಂಡಲ್ ಹೊಯ್ದಾಡಿತು. ವಾಕ್ಯ ಅರ್ಧಕ್ಕೇ ಉಳಿಯಿತು. ಉಳಿದದ್ದನ್ನು ಉಸಿರು ಕಟ್ಟಿ ಬಾಯಲ್ಲೇ ಹಿಡಿದುಕೊಂಡು ಬಂದೆ. ಆರನೆಯ ಸುತ್ತಿಗೆ ಗೇಟು ಹತ್ತಿರವಾಯಿತು. ಗೌರಮ್ಮನವರು ದೊಡ್ಡ ಮನಸ್ಸಿನವರು. ಈ ವಿಷಯವೇ ಬೇಡವೆಂದು ಮಾತು ಬದಲಿಸಿದರು.

"ಮುಂದಿನ ಐತಾರ ನಮ್ಮ ಮನಿಗೆ ಬರ್ತೀರಲ್ರಿ?"

"ಬರೂದಿಲ್ಲ!" ಎಂದು ನಾನು ಗಂಟಲು ಹರಿಯುವ ಹಾಗೆ ಕೂಗಿದೆ.

ನಾನು ಪೂರ್ಣ ಮಾಡಿದ್ದು ಹಿಂದಿನ ಸುತ್ತಿನ ವಾಕ್ಯ. ಅದು ಹೋಗಿ ಬಿದ್ದದ್ದು ಈ ಸುತ್ತಿನ ಪ್ರಶ್ನೆಗೆ!

ಕೊಳದ ಆಚೆಯಿಂದ ತಿರುಗಿ ನೋಡಿದೆ. ಗೌರಮ್ಮನವರ ಮುಖ ಸಣ್ಣದಾಗಿತ್ತು. ಚೀಲವನ್ನು ಎದೆಗವಚಿಕೊಂಡು ಗೇಟಿನ ಕಡೆ ನಡೆದಿದ್ದರು. ಹಿಂದಿನ ದಿನ ಸಂಜೆ ಮಾಳಿಗೆಯ ಮೇಲೆ ಫೋನು ಕಿವಿಗೆ ಹಚ್ಚಿಕೊಂಡು ಒಬ್ಬಳೇ ನಗುತ್ತಿದ್ದ ಶ್ವೇತಾ ಕಣ್ಣ ಮುಂದೆ ಬಂದಳು. ಸಿಮೆಂಟಿನ ದಾರಿ ಬಿಟ್ಟೆ, ಹುಲ್ಲಿನ ಮೇಲೆ ನೇರವಾಗಿ ಗೇಟಿಗೆ ಗುರಿಯಿಟ್ಟೆ.

"ಹಿಡೀರೀ! ನನ್ನ ಹಿಡೀರೀ!"

ಯಜಮಾನರು ತೂಬಿನ ಬಾಗಿಲಿನಂತೆ ಎರಡೂ ಕೈ ಚಾಚಿ ಅಡ್ಡ ನಿಂತರು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಗಂಡ. ಸುಖದಲ್ಲಿ, ದುಃಖದಲ್ಲಿ ಜೊತೆಗಿದ್ದವರು. ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿದರು!

ಗಿಡಗಳಿಗೆಂದು ಸುರಿದಿದ್ದ ಹಸಿ ಗೊಬ್ಬರದ ರಾಶಿಗೆ ಸೈಕಲ್ಲು ಹೊಕ್ಕಿತು. ನಾನು ಅದರ ಮೇಲಿಂದ ಜಾರಿ ಗೌರಮ್ಮನವರ ಪಾದದ ಬಳಿ ಬಂದು ನಿಂತೆ. ನಿಂತೆ ಅನ್ನುವುದು ಗೌರವಕ್ಕೆ, ಬೋರಲು ಬಿದ್ದಿದ್ದೆ.

"ಬರ್ತೇನ್ರಿ! ನಿಮ್ಮ ಮನಿಗೆ ಖಂಡಿತ ಬರ್ತೇನ್ರಿ! ನನಗ ಸೈಕಲ್ ಇಳಿಯಾಕ ಬರೂದಿಲ್ಲ ಅಂದದ್ರಿ!"

ಗೌರಮ್ಮನವರು ಬಗ್ಗಿ ನನ್ನ ಮುಖ ನೋಡಿದರು. "ಈಗ ಇಳದ್ರಿ ಬಿಡ್ರಿ," ಅಂದರು. ಆಮೇಲೆ ಸೆರಗು ಬಾಯಿಗೆ ಹಚ್ಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನನ್ನು ಎಬ್ಬಿಸಿ ಕೂಡಿಸಿದರು. ಸೈಕಲ್ಲನ್ನೂ ತಾವೇ ಎತ್ತಿ ನಿಲ್ಲಿಸಿ, ಸೀಟಿನ ಕೆಳಗಿದ್ದ ಒಂದು ಸಣ್ಣ ಹಿಡಿಕೆಯನ್ನು ಎರಡು ಬೆರಳಿನಿಂದ ತಿರುವಿದರು. ಸೀಟು ಸರ್ರನೆ ಒಂದು ಗೇಣು ಇಳಿಯಿತು.

"ನಮ್ಮ ಮೊಮ್ಮಗಂದೂ ಇಂಥಾದ್ದ ಐತ್ರಿ. ಮೊದಲ ಸೀಟು ಇಳಸಬೇಕು. ಆಮ್ಯಾಲ ನಾವು ಹತ್ತಬೇಕು."

ಬೆಂಚಿನ ಮೇಲೆ ಕುಳಿತು ಅವರು ತಂದಿದ್ದ ಸವಣೂರ ಖಾರ ಬಿಚ್ಚಿದೆವು. ಹುಡುಗನ ಕೆಲಸ, ಅವರ ವೀಳ್ಯದೆಲೆಯ ತೋಟ, ಲಗ್ನದ ತಿಂಗಳು ಎಲ್ಲ ಮಾತಾಯಿತು. ಕೊನೆಗೆ ಗೌರಮ್ಮನವರು ಯಜಮಾನರ ಕಡೆ ತಿರುಗಿ ದನಿ ತಗ್ಗಿಸಿದರು.

"ಒಂದು ಮಾತು ಕೇಳ್ತೇನಿ, ತಪ್ಪು ತಿಳ್ಕೋಬ್ಯಾಡ್ರಿ. ಹುಡುಗಿ ಬುದ್ಧಿ ಯಾರಂಗೈತ್ರಿ?"

"ನನ್ನಂಗ್ರಿ!" ಅಂದರು ಯಜಮಾನರು, ಕ್ಷಣವೂ ತಡ ಮಾಡದೆ.

"ಹಂಗಾರ ನಮ್ಮ ಕಡಿಂದ ಪೂರಾ ಒಪ್ಪಿಗಿರಿ," ಎಂದು ಅವರು ನಿಟ್ಟುಸಿರು ಬಿಟ್ಟರು.

ಇಬ್ಬರೂ ನನ್ನ ಮುಖ ನೋಡಿದರು. ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗಲೆಲ್ಲ ಬುದ್ಧಿ ನನ್ನದೇ ಎಂದು ಓಣಿಗೆಲ್ಲ ಸಾರಿ ಬಂದವಳು ನಾನು. ಕೂದಲಲ್ಲಿ ಸಿಕ್ಕಿಕೊಂಡಿದ್ದ ಗೊಬ್ಬರದ ಹೆಂಟೆಯನ್ನು ಮೆಲ್ಲಗೆ ತೆಗೆದು ಕೆಳಗಿಟ್ಟು, "ಹೌದ್ರಿ, ಥೇಟ್ ಅವರಂಗ" ಅಂದೆ.