ಅಮ್ಮನ ಧ್ವನಿಯ ವೇಗ ನಿಗದಿಪಡಿಸಿಕೊಡುವಂತೆ ಕೋರಿ

ಇಂದ:
ವಿಶ್ವನಾಥ, ವಯಸ್ಸು ೪೮,
ಸಹಕಾರನಗರ, ಬೆಂಗಳೂರು.

ಗೆ:
ಶ್ರೀಮತಿ ರತ್ನಕ್ಕನವರು,
ನನ್ನ ಚಿಕ್ಕಮ್ಮ ಹಾಗೂ ಕುಟುಂಬದ ಮೇಲ್ಮನವಿ ಪ್ರಾಧಿಕಾರ,
ಮತ್ತಿಕೆರೆ.

ವಿಷಯ: ದಿವಂಗತ ಅಮ್ಮನ ಮೂರು ಧ್ವನಿಗಳಲ್ಲಿ ಒಂದನ್ನು ಅಧಿಕೃತವೆಂದು ಘೋಷಿಸುವ ಬಗ್ಗೆ.

ಉಲ್ಲೇಖ:
೧) ೧೯೮೬ರ ಗೌರಿ ಹಬ್ಬದಂದು ಟೇಪ್ ಮಾಡಿದ ಆರತಿ ಹಾಡು (ಗಾಯನ: ಅಮ್ಮ ಮತ್ತು ತಾವು).
೨) ತಮ್ಮ ಕಳೆದ ಸೋಮವಾರದ ದೂರವಾಣಿ ಆದೇಶ: "ಏನಾದ್ರೂ ಮಾಡ್ಕೊಂಡ್ ಸಾಯ್ರೋ."

ಮಾನ್ಯ ಚಿಕ್ಕಮ್ಮನವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ (೨)ರ ಆದೇಶದಿಂದ ನೊಂದು ಈ ಕೆಳಗಿನಂತೆ ನಿವೇದಿಸಿಕೊಳ್ಳುತ್ತೇನೆ.

೧. ಅಟ್ಟದಿಂದ ಇಳಿಸಿದ ನಮ್ಮ ಟೇಪ್ ರೆಕಾರ್ಡರಿನ ಒಳಗಿನ ಬೆಲ್ಟ್ ಕರಗಿ ಬೆಲ್ಲದ ಪಾಕದಂತಾಗಿತ್ತು. ಆದಕಾರಣ, ಕರಿಬೇವಿನ ಕಟ್ಟಿಗೆ ಸುತ್ತಿದ್ದ ರಬ್ಬರ್ ಬ್ಯಾಂಡನ್ನು ನಾನು ಅದರ ಬದಲಿಗೆ ಹಾಕಿದ್ದು ನಿಜ. ಅಮ್ಮ ಎರಡು ಸಾಲು ಹಾಡಿ ಆಕಳಿಸಿದಂತೆ ನಿಂತರು.

೨. ಆದ್ದರಿಂದ ಆರ್.ಟಿ. ನಗರದ ರಿಪೇರಿಯವರಾದ ಮುಜಫ್ಫರ್ ಅವರ ಬಳಿ ಹೋದೆವು. ಅವರು ಬೇರೆ ಯಾವುದೋ ಕಂಪನಿಯ ಬೆಲ್ಟ್ ಹಾಕಿ ಹಾಡನ್ನು ಕಂಪ್ಯೂಟರಿಗೆ ಇಳಿಸಿದರು. ಇಳಿಸಿ ಮುಗಿಯುತ್ತಲೇ ಟೇಪು ತುಂಡಾಯಿತು. ಉಳಿದದ್ದು ಆ ಒಂದು ಪ್ರತಿ ಮಾತ್ರ. ಅದರ ವೇಗ ಸರಿಯಿದೆಯೋ ಇಲ್ಲವೋ ತಿಳಿದವರಿಲ್ಲ. ಅವರು ಹೇಳಿದ್ದು: "ಸಾರ್, ಸ್ಪೀಡು ಎಷ್ಟ್ ಬೇಕಾದ್ರೂ ಮಾಡ್ಕೊಡ್ತೀನಿ. ಅಮ್ಮಾವ್ರು ಎಷ್ಟಿದ್ರು ಅಂತ ನೀವ್ ಹೇಳ್ಬೇಕು."

೩. ಮೂರು ವೇಗದಲ್ಲಿ ಮಾಡಿಕೊಟ್ಟರು. ತೀರಾ ನಿಧಾನದ ಒಂದನೆಯದರಲ್ಲಿ ಅಮ್ಮ ಯಶವಂತಪುರದ ಮಾರ್ಕೆಟ್ಟಿನಲ್ಲಿ ಈರುಳ್ಳಿ ಹರಾಜು ಕೂಗುವ ಗಂಡಸಿನಂತೆ, ತೀರಾ ವೇಗದ ಮೂರನೆಯದರಲ್ಲಿ ಸ್ಕೂಲ್ ವ್ಯಾನ್ ತಪ್ಪಿಸಿಕೊಂಡ ಮಗುವಿನಂತೆ ಕೇಳಿಸುತ್ತಾರೆ. ಎರಡನೆಯದು ಅಮ್ಮನೇ ಎಂದು ನನ್ನ ವಾದ.

೪. ಹಿರಿಯಣ್ಣ ಶೇಖರಪ್ಪನದು ಒಂದನೆಯದೇ ಸರಿ ಎಂಬ ಹಟ. "ಅಮ್ಮಂದು ಗಂಭೀರವಾದ ಕಂಠ ಕಣೋ, ನೀನಾಗ ಚಿಕ್ಕೋನು." ಟೇಪಿನ ಕೊನೆಯಲ್ಲಿ ಆಗ ಹನ್ನೆರಡು ವರ್ಷದವನಾಗಿದ್ದ ಅಣ್ಣನೂ ಎರಡು ಸಾಲು ಹಾಡಿದ್ದು, ಒಂದನೆಯ ಪ್ರತಿಯಲ್ಲಿ ಮಾತ್ರ ಆತನಿಗೆ ಮೀಸೆ ಬಂದವರ ಧ್ವನಿಯಿದೆ ಎಂಬುದನ್ನು ತಮ್ಮ ಅವಗಾಹನೆಗೆ ತರಲಾಗಿದೆ.

೫. ಬರುವ ಭಾನುವಾರ ಆ ಪ್ರತಿಯನ್ನೇ ಅಮ್ಮನದೆಂದು ನೆಂಟರಿಗೆಲ್ಲ ಕಳಿಸುವುದಾಗಿ ಅಣ್ಣ ಘೋಷಿಸಿದ್ದಾನೆ. ಅಮ್ಮನನ್ನು ಕಾಣದ ಮೊಮ್ಮಕ್ಕಳು ಮುಂದೆ ಈರುಳ್ಳಿ ಹರಾಜನ್ನೇ ಅಜ್ಜಿ ಎಂದು ನಂಬಿಬಿಡುತ್ತಾರೆ. ನನ್ನ ಅಳಲು ಇಷ್ಟೇ.

೬. ತಮಗೆ ಮೂರನ್ನೂ ಫೋನಿನಲ್ಲಿ ಕೇಳಿಸಲಾಗಿ, "ಮೂರರಲ್ಲೂ ನಾನೇ ಚೆನ್ನಾಗ್ ಹಾಡಿದೀನಿ, ನಿಮ್ಮಮ್ಮ ಎಳೀತಾಳೆ" ಎಂದು ತೀರ್ಪಿತ್ತಿರಿ. ಸದರಿ ತೀರ್ಪಿನಿಂದ ವೇಗ ನಿರ್ಧಾರವಾಗುವುದಿಲ್ಲವೆಂದು ವಿನಯಪೂರ್ವಕವಾಗಿ ತಿಳಿಸುತ್ತೇನೆ.

೭. ಈ ನಡುವೆ ಹೊಸ ಸಾಕ್ಷ್ಯ ದೊರೆತಿದೆ. ಎರಡನೇ ಚರಣ ಮುಗಿದ ಮೇಲೆ ಅಮ್ಮ ಹಾಡು ನಿಲ್ಲಿಸಿ ಗದರುತ್ತಾರೆ: "ಏಯ್, ಕಾಲ್ ಕೆಳಗಿಳ್ಸೋ! ಆರತಿ ತಟ್ಟೆ ಮುಂದೆ ಕಾಲ್ ಮೇಲಿಟ್ಕೊಂಡ್ ಕೂತಿದೀಯಲ್ಲೋ!" ನಿನ್ನೆ ಸಂಜೆ ಅಣ್ಣನ ಮನೆಯಲ್ಲಿ, ಇಬ್ಬರೂ ಟೀಪಾಯಿಯ ಮೇಲೆ ಕಾಲು ಹಾಕಿಕೊಂಡು ಮೂರನ್ನೂ ಕೇಳಿದೆವು. ಒಂದನೆಯದಕ್ಕೆ ಯಾರೂ ಕದಲಲಿಲ್ಲ. ಮೂರನೆಯದಕ್ಕೆ ನಕ್ಕೆವು. ಎರಡನೆಯದು ಬಂದಾಗ ನಾಲ್ಕೂ ಕಾಲು ಕೆಳಗಿದ್ದವು.

೮. ಅಣ್ಣ ಇದನ್ನು ಒಪ್ಪಲಿಲ್ಲ. "ಜೋಮು ಹಿಡಿದಿತ್ತು, ಅದಕ್ಕೇ ಇಳಿಸ್ದೆ" ಎಂದ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ದಾಕ್ಷಾಯಣಿಯವರು, "ಮದುವೆಯಾಗಿ ಇಪ್ಪತ್ತೆರಡು ವರ್ಷದಿಂದ ಕಾಲ್ ಇಳ್ಸಿ ಅಂತ ಹೇಳ್ತಿದೀನಿ, ನಾನ್ ಹೇಳ್ದಾಗ ಯಾವತ್ತೂ ನಿಮ್ಗೆ ಜೋಮು ಹಿಡೀಲಿಲ್ವಲ್ರೀ" ಎಂದಿದ್ದಾರೆ. ಆಮೇಲೆ ಅಣ್ಣ, ಎರಡನೆಯದನ್ನೇ ಇನ್ನೊಂದು ಸಲ ಹಾಕು ಎಂದ. ಹಾಕಿದೆ. ಹಟ ಮಾತ್ರ ಬಿಟ್ಟಿಲ್ಲ.

ಆದ್ದರಿಂದ, ತಾವು ಶನಿವಾರ ಅಣ್ಣನ ಮನೆಗೆ ಖುದ್ದಾಗಿ ದಯಮಾಡಿಸಿ, ಇದೇ ಪರೀಕ್ಷೆಯನ್ನು ತಮ್ಮ ಸಮಕ್ಷಮದಲ್ಲಿ ಮತ್ತೊಮ್ಮೆ ನಡೆಸಿ, ಕಾಲುಗಳ ಸ್ಥಿತಿಯನ್ನು ಆಧರಿಸಿ ಅಮ್ಮ ಯಾರೆಂದು ಆದೇಶ ಹೊರಡಿಸಬೇಕಾಗಿ ಪ್ರಾರ್ಥನೆ.

ಇಂತಿ, ತಮ್ಮ ಆಜ್ಞೆಗೂ ತಮ್ಮ ಅಕ್ಕನ ಗದರಿಕೆಗೂ ಬದ್ಧನಾದ,
ವಿಶ್ವನಾಥ

ಅಡಕ:
೧) ಧ್ವನಿ ಪ್ರತಿಗಳು: ಮೂರು.
೨) ತುಂಡಾದ ಟೇಪು: ಎರಡು ಭಾಗ.
೩) ಅತ್ತಿಗೆಯವರ ಹೇಳಿಕೆ (ಸಹಿ ಮಾಡಲು ಅತ್ಯುತ್ಸಾಹ ತೋರಿದ್ದಾರೆ).

ವಿ.ಸೂ.: ಪರೀಕ್ಷೆಯ ಸುಳಿವು ಸಿಕ್ಕರೆ ಅಣ್ಣ ಮೊದಲೇ ಕಾಲು ಕೆಳಗಿಟ್ಟುಕೊಂಡು ಕೂರುವ ಸಂಭವವಿದೆ. ಆದಕಾರಣ, ತಾವು ಬರೀ ಕಾಫಿಗೆ ಬಂದಂತೆ ಬರಬೇಕಾಗಿ ಕೋರಿಕೆ.